ನಂದಿಯಿಂದ ಬೇತಮಂಗಲಕ್ಕೆ: ಕಡಲಿಲ್ಲದ ಸೀಮೆಯಲ್ಲಿ ಎರಡು ದಿನ

ಚಿಂತಾಮಣಿ ದಾಟಿದ ಮೇಲೆ ಬಸ್ಸಿನ ವೇಗ ತಗ್ಗಿತು. ರಸ್ತೆಯ ಅರ್ಧದುದ್ದಕ್ಕೂ ರಾಗಿ ತೆನೆ ಹರವಿದ್ದರು. ಒಕ್ಕಣೆಯ ಕೆಲಸವನ್ನು ಬಸ್ಸಿನ ಚಕ್ರಗಳೇ ಮಾಡುತ್ತಿದ್ದವು. ಕಿಟಕಿಯ ಪಕ್ಕ ಕುಳಿತಿದ್ದ ನನ್ನ ತಂಗಿಯ ಮಗಳು ಟೊಮೆಟೊ ಹೊಲವೊಂದರ ಕಡೆ ಬೆರಳು ತೋರಿಸಿದಳು. "ದೊಡ್ಡಮ್ಮ, ಬದುವಿನ ಮೇಲೆ ಬೆಳ್ಳಿಯ ಹಾಗೆ ಹೊಳೆಯುತ್ತಿದೆಯಲ್ಲ, ಅದೇನು?"

ಅದು ಮಲ್ಚಿಂಗ್ ಶೀಟ್. ನೀರು ಆವಿಯಾಗದಿರಲಿ, ಕಳೆ ಏಳದಿರಲಿ ಎಂದು ಸಾಲಿನ ಮೇಲೆ ಹೊದಿಸುವ ತೆಳು ಪ್ಲಾಸ್ಟಿಕ್ ಹಾಳೆ. ಬೋರ್‌ವೆಲ್ ಸಾವಿರ ಅಡಿಗೂ ಕೆಳಕ್ಕೆ ಇಳಿದಿರುವ ನಮ್ಮ ಸೀಮೆಯಲ್ಲಿ ರೈತರು ಅದನ್ನು ಬಳಸುವುದಕ್ಕೆ ಬಲವಾದ ಕಾರಣವಿದೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಬೆಳೆ ಮುಗಿದ ಮೇಲೆ ಕಿತ್ತ ಹಾಳೆ ಇಡಿಯಾಗಿ ಬರುವುದಿಲ್ಲ. ಬಿಸಿಲಿಗೆ ಬೆಂದು ಚೂರುಚೂರಾಗಿರುತ್ತದೆ. ಕೈಗೆ ಸಿಕ್ಕಿದ್ದು ಬದುವಿನ ಮೇಲೆ ರಾಶಿಯಾಗುತ್ತದೆ, ಸಿಗದ್ದು ಮಣ್ಣಿನಲ್ಲೇ ಉಳಿಯುತ್ತದೆ, ಗಾಳಿಗೆ ಹಾರಿದ್ದು ರಾಜಕಾಲುವೆ ಸೇರುತ್ತದೆ. ನಾನು ಇಷ್ಟು ಹೇಳಿದ್ದೇ ತಡ, ಅವಳು ಟಿಪ್ಪಣಿ ಪುಸ್ತಕ ತೆರೆದು ಬರೆದುಕೊಂಡಳು: "ಕಡಲಿನ ಮೊದಲ ಕುರುಹು, ಚಿಂತಾಮಣಿಯ ಟೊಮೆಟೊ ಹೊಲ."

ಅವಳು ವಾಸ್ತುಶಿಲ್ಪದ ಕೊನೆಯ ವರ್ಷದಲ್ಲಿದ್ದಾಳೆ. ಮಲಿನಗೊಂಡ ಸಮುದ್ರದ ಬಗ್ಗೆ ಜನರಿಗೆ ಅರಿವು ಮೂಡಿಸುವ ಒಂದು ಕಟ್ಟಡವನ್ನು ರೂಪಿಸುವುದು ಅವಳ ಕೊನೆಯ ಯೋಜನೆ. ಸಹಪಾಠಿಗಳು ಮಂಗಳೂರು, ಕಾರವಾರ ಎಂದು ಜಾಗ ಆರಿಸಿಕೊಂಡಾಗ ಇವಳು ಕೋಲಾರ, ಚಿಕ್ಕಬಳ್ಳಾಪುರ ಎಂದಳಂತೆ. ಕಡಲೇ ಇಲ್ಲದ ಕಡೆ ಕಡಲಿನ ಕಟ್ಟಡವೇ ಎಂದು ಎಲ್ಲರೂ ಕೇಳಿದರಂತೆ. ಮೂವತ್ತು ವರ್ಷ ಕೋಲಾರದ ಹಳ್ಳಿಗಳಲ್ಲಿ ವಿಜ್ಞಾನ ಪಾಠ ಹೇಳಿದ ನನಗೆ ಅವಳ ಆಯ್ಕೆ ಸರಿಯೆಂದೇ ತೋರಿತು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಎಂದು ಐದು ನದಿಗಳ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಎಲ್ಲವೂ ನಂದಿಬೆಟ್ಟದ ಸೀಮೆಯವು. ಎಲ್ಲವೂ, ನೇರವಾಗಿಯೋ ಇನ್ನೊಂದು ನದಿಯ ಕೈಹಿಡಿದೋ, ಬಂಗಾಳ ಕೊಲ್ಲಿಗೆ ಹೋಗಬೇಕಾದವು. ಕಡಲು ನಮಗೆ ಕಾಣುವುದಿಲ್ಲ, ನಿಜ. ನಮ್ಮ ಚರಂಡಿ ಕಡಲಿಗೆ ಕಾಣುತ್ತದೆ.

ಹೀಗಾಗಿ ನೀರಿನ ಹಾದಿ ಹಿಡಿದು ಎರಡು ದಿನ ತಿರುಗಿ ಬರೋಣವೆಂದು ಡಿಸೆಂಬರಿನ ಚಳಿಯಲ್ಲಿ ಹೊರಟಿದ್ದೆವು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ನಂದಿ ಗ್ರಾಮಕ್ಕೆ ಬರುವಷ್ಟರಲ್ಲಿ ಮಂಜು ಇನ್ನೂ ಹರಿದಿರಲಿಲ್ಲ. 1,478 ಮೀಟರ್ ಎತ್ತರದ ಬೆಟ್ಟದ ತಲೆ ಕಾಣುತ್ತಲೇ ಇರಲಿಲ್ಲ. ಬೆಂಗಳೂರಿನಿಂದ ಬಂದ ಕಾರುಗಳೆಲ್ಲ ಬೆಟ್ಟದ ಮೇಲಿನ ಸೂರ್ಯೋದಯಕ್ಕೆ ಹೋಗಿದ್ದವು. ಬುಡದಲ್ಲಿರುವ ಭೋಗನಂದೀಶ್ವರನ ಗುಡಿ ನಿಶ್ಶಬ್ದವಾಗಿತ್ತು. ಕ್ರಿ.ಶ. 806ರ ತಾಮ್ರಶಾಸನದಲ್ಲಿ ಉಲ್ಲೇಖವಿರುವ ಈ ಗುಡಿಗೆ ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಒಂದೊಂದು ಕೈ ಸೇರಿಸಿದ್ದಾರೆ. ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ನಮಸ್ಕಾರ ಮುಗಿಸಿ ನಾವು ನೇರವಾಗಿ ಹೋದದ್ದು ಶೃಂಗಿ ತೀರ್ಥದ ಬಳಿಗೆ.

ಈ ಕಲ್ಯಾಣಿಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಒಬ್ಬ ವಾಸ್ತುಶಿಲ್ಪದ ವಿದ್ಯಾರ್ಥಿನಿಯ ಪಕ್ಕ ನಿಂತು ನೋಡಿದ್ದು ಇದೇ ಮೊದಲು. ನಾಲ್ಕು ದಿಕ್ಕಿಗೂ ಮೆಟ್ಟಿಲು, ದೊಡ್ಡ ಪಾವಟಿಗೆಗಳ ನಡುನಡುವೆ ಎರಡು ಕಡೆಯಿಂದಲೂ ಏರಿ ಕೂಡುವ ಪುಟ್ಟ ಮೆಟ್ಟಿಲುಗಳು, ಸುತ್ತ ಕಂಬಸಾಲಿನ ಕೈಸಾಲೆ. ನಂದಿ ತನ್ನ ಕೊಂಬಿನಿಂದ ನೆಲವನ್ನು ತಿವಿದು ಗಂಗೆಯನ್ನು ಬರಿಸಿದ, ಅದೇ ಪಿನಾಕಿನಿಯ ಮೂಲವಾಯಿತು ಎಂದು ಸ್ಥಳಪುರಾಣ ಹೇಳುತ್ತದೆ. ಶೃಂಗವೆಂದರೆ ಕೊಂಬು, ಹೆಸರು ಬಂದದ್ದು ಅಲ್ಲಿಂದ.

ಅವಳು ಮೆಟ್ಟಿಲುಗಳನ್ನು ಎಣಿಸುತ್ತ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: "ದೊಡ್ಡಮ್ಮ, ಇದು ಅಳತೆಗೋಲು. ನೀರು ಎಷ್ಟಿದೆಯೆಂದು ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಮಳೆಗಾಲದಲ್ಲಿ ಮೆಟ್ಟಿಲು ಮುಳುಗುತ್ತವೆ, ಬೇಸಿಗೆಯಲ್ಲಿ ಏಳುತ್ತವೆ. ಅಕ್ಷರ ಬಾರದವರೂ ಓದಬಹುದು."

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕಲ್ಯಾಣಿಯಲ್ಲಿ ನೀರು ಕೊಳೆಯಾದರೆ ಊರಿಗೆಲ್ಲ ಗೊತ್ತಾಗುತ್ತದೆ, ಏಕೆಂದರೆ ಊರೆಲ್ಲ ಅದರೊಳಕ್ಕೆ ಇಳಿಯಲೇಬೇಕು. ಕೊಳಾಯಿ ಬಂದ ಮೇಲೆ ನೀರು ಗೋಡೆಯ ಹಿಂದೆ ಬಂದು ನೆಲದ ಕೆಳಗೆ ಹೋಗುವಂತಾಯಿತು. ಬಂದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ನಮ್ಮ ಹಿರಿಯರ ಕಟ್ಟಡ ನೀರಿನ ಮುಂದೆ ಮನುಷ್ಯನನ್ನು ತಂದು ನಿಲ್ಲಿಸುತ್ತಿತ್ತು. ನಮ್ಮದು ಅವನಿಗೆ ಬೆನ್ನು ತಿರುಗಿಸಲು ಕಲಿಸಿದೆ.

ಕೈಸಾಲೆಯ ನೆರಳಿನಲ್ಲಿ ಕುಳಿತು ಅವಳು ಮೊಬೈಲಿನಲ್ಲಿ ಕೆಲವು ಚಿತ್ರ ತೋರಿಸಿದಳು. ಬೆಲ್ಜಿಯಂ ದೇಶದ ಬ್ರೂಜ್ ಪಟ್ಟಣದ ಕಾಲುವೆಯಲ್ಲಿ 2018ರಲ್ಲಿ ನಿಲ್ಲಿಸಿದ್ದ ತಿಮಿಂಗಿಲ: ಸ್ಟುಡಿಯೋಕೆಸಿಎ ಎಂಬ ನ್ಯೂಯಾರ್ಕಿನ ವಾಸ್ತುಶಿಲ್ಪ ಸಂಸ್ಥೆ, ಸಾಗರದಿಂದ ಎತ್ತಿದ 5 ಟನ್ ಪ್ಲಾಸ್ಟಿಕ್ಕಿನಿಂದ 38 ಅಡಿ ಎತ್ತರಕ್ಕೆ ಕಟ್ಟಿದ್ದು. ಬಿಳಿ, ನೀಲಿ ಬಕೆಟ್ಟು, ಬುಟ್ಟಿ, ಡಬ್ಬಿಗಳೇ ಅದರ ಚರ್ಮ. ಕಾಲುವೆಯಿಂದ ನೆಗೆದು ಪಟ್ಟಣದ ಮನೆಗಳ ಎದುರು ಬಾಗಿ ನಿಂತಿದೆ. ಇನ್ನೊಂದು 2009ರದು. ಡೇವಿಡ್ ಬೆಂಜಮಿನ್ ಮತ್ತು ಸಂಗಡಿಗರು, ನಟಾಲಿ ಜೆರೆಮಿಜೆಂಕೊ ಸೇರಿ ನ್ಯೂಯಾರ್ಕಿನ ಈಸ್ಟ್ ನದಿಯಲ್ಲೂ ಬ್ರಾಂಕ್ಸ್ ನದಿಯಲ್ಲೂ ತೇಲುವ ಕೊಳವೆಗಳ ಸಾಲು ನಿಲ್ಲಿಸಿದ್ದರು. ಕೊಳವೆಯ ಕೆಳತುದಿಯ ಸಂವೇದಕಗಳು ನೀರಿನ ಗುಣವನ್ನೂ ಮೀನುಗಳ ಓಡಾಟವನ್ನೂ ಗುರುತಿಸುತ್ತಿದ್ದವು. ಅದಕ್ಕೆ ತಕ್ಕಂತೆ ಮೇಲ್ತುದಿಯಲ್ಲಿ ದೀಪ ಬೆಳಗುತ್ತಿತ್ತು. ದಡದಲ್ಲಿದ್ದವರು ಮೊಬೈಲಿನಿಂದ ಸಂದೇಶ ಕಳಿಸಿದರೆ ನದಿಯಿಂದ ಉತ್ತರ ಬರುತ್ತಿತ್ತು.

ತಿಮಿಂಗಿಲವನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಆದರೂ ನನ್ನ ಒಲವು ಆ ದೀಪದ ಕೊಳವೆಗಳ ಕಡೆಗೇ. ತಿಮಿಂಗಿಲ ಆಗಿಹೋದದ್ದನ್ನು ತೋರಿಸುತ್ತದೆ. ದೀಪ ಈ ಹೊತ್ತು ಏನಾಗುತ್ತಿದೆಯೆಂದು ಹೇಳುತ್ತದೆ. ಕಾರ್ತಿಕದಲ್ಲಿ ಕಲ್ಯಾಣಿಯ ಪಾವಟಿಗೆಗಳ ಮೇಲೆ ಹಣತೆ ಹಚ್ಚುವ ನಮ್ಮ ಜನಕ್ಕೆ ನೀರಿನ ಬಳಿ ದೀಪವಿಡುವುದು ಹೊಸದೇನಲ್ಲ.

ಮಧ್ಯಾಹ್ನ ಚಿಕ್ಕಬಳ್ಳಾಪುರಕ್ಕೆ ಅಂಟಿಕೊಂಡಿರುವ ಕಂದವಾರ ಕೆರೆಯ ಏರಿಯ ಮೇಲೆ ನಡೆದೆವು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಈಗ ಇಲ್ಲಿಗೆ ಬರುತ್ತದೆ. ಬೆಳ್ಳಕ್ಕಿಗಳಿದ್ದವು, ನೀರು ತುಂಬಿತ್ತು, ದಡದಲ್ಲಿ ಹಸಿರು ಪಾಚಿ. ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ರಾತ್ರಿ ನೆಂಟರ ಮನೆಯಲ್ಲಿ ಹಿತಕಿದ ಅವರೆಬೇಳೆಯ ಸಾರು, ಮುದ್ದೆ. ಸೊಗಡಿನ ಕಾಲದಲ್ಲಿ ಈ ಕಡೆ ಬಂದವರಿಗೆ ಬೇರೇನನ್ನೂ ಬಡಿಸುವುದಿಲ್ಲ.

ಮರುದಿನ ಬೆಳಗ್ಗೆ ಕೋಲಾರಕ್ಕೆ ಮರಳಿ, ನನ್ನ ಸ್ಕೂಟರಿನಲ್ಲಿ ಮೊದಲು ನರಸಾಪುರದ ಕಡೆ ಹೊರಟೆವು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರಿನ ಕಥೆಯನ್ನು ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಬೇಕು. ಆ ಕಣಿವೆಯ ಕೊಳಚೆ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಇಳಿಯುತ್ತಿತ್ತು; ಪಿನಾಕಿನಿ ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ಬೆಳ್ಳಂದೂರಿನ ನೊರೆ ರಸ್ತೆಗೆ ಹಾರಿದ್ದನ್ನೂ, ಕೆರೆಗೇ ಬೆಂಕಿ ಹೊತ್ತಿದ್ದನ್ನೂ ದೇಶವೆಲ್ಲ ನೋಡಿದೆ. ಆ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಪ್ರಮಾಣದಲ್ಲಿ ಪಂಪು ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುವುದು ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿಬಂತು. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಬೇಡಿಕೆ ಅಂದಿನಿಂದಲೂ ಇದೆ.

ನರಸಾಪುರದ ಏರಿಯ ಮೇಲೆ ಸಿಕ್ಕ ರೈತರೊಬ್ಬರು ತೆಲುಗು ಬೆರೆತ ಕನ್ನಡದಲ್ಲಿ ಮಾತಾಡಿದರು. "ಅಮ್ಮಾ, ಬತ್ತಿದ ಬೋರ್‌ವೆಲ್‌ನಲ್ಲಿ ನೀರು ಬಂದಿದೆ. ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಈ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುತ್ತೀಯಾ ಎಂದು ಕೇಳಿದರೆ ಕುಡಿಯುವುದಿಲ್ಲ. ನಮ್ಮ ಅಪ್ಪ ಇದೇ ಕೆರೆಯಲ್ಲಿ ಕುಡಿಯುತ್ತಿದ್ದ." ಅವಳು ತೂಬಿನ ಕಲ್ಲುಕಂಬಗಳನ್ನು ಚಿತ್ರಿಸಿಕೊಳ್ಳುತ್ತ ಕೇಳಿಸಿಕೊಂಡಳು. ಎರಡು ಕಂಬ, ನಡುವೆ ಅಡ್ಡಗಲ್ಲು. ಮುಳುಗಿದಷ್ಟು ಭಾಗದಲ್ಲಿ ಕಪ್ಪು, ಅದರ ಮೇಲೆ ಬೂದಿಬಣ್ಣದ ಗೀರು, ಅದರ ಮೇಲೆ ಬಿಳಿ ಕಲ್ಲು. ಶೃಂಗಿ ತೀರ್ಥದಲ್ಲಿ ಅವಳು ಹೇಳಿದ ಅಳತೆಗೋಲೇ ಇಲ್ಲಿಯೂ ಇತ್ತು.

ಬಂಗಾರಪೇಟೆಯಲ್ಲಿ ಊಟ ಮುಗಿಸಿ ಬೇತಮಂಗಲ ಮುಟ್ಟಿದಾಗ ಬಿಸಿಲು ಇಳಿಯತೊಡಗಿತ್ತು. ಶಾಸನಗಳಲ್ಲಿ ವಿಜಯಾದಿತ್ಯಮಂಗಲ ಎನಿಸಿಕೊಂಡ ಈ ಊರಿನ ಕೆರೆ ಪಾಲಾರ್ ನದಿಗೆ ಕಟ್ಟಿದ್ದು. ಬ್ರಿಟಿಷರು ಕೆಜಿಎಫ್ ಗಣಿಗಳಿಗೆ ನೀರು ಕೊಂಡೊಯ್ದದ್ದು ಇಲ್ಲಿಂದಲೇ. ಪಾಲಾರ್ ಒಟ್ಟು 348 ಕಿಲೋಮೀಟರ್ ಹರಿಯುತ್ತದೆ: ಕರ್ನಾಟಕದಲ್ಲಿ 93, ಆಂಧ್ರದಲ್ಲಿ 33, ತಮಿಳುನಾಡಿನಲ್ಲಿ 222. ಚೆನ್ನೈಗೆ ದಕ್ಷಿಣದಲ್ಲಿ ವಯಲೂರಿನ ಬಳಿ ಸಮುದ್ರ.

ಹರಿಯುತ್ತದೆ ಎಂದು ಬರೆದೆ. ವರ್ಷದ ಬಹುಪಾಲು ಹರಿಯುವುದಿಲ್ಲ. ಹಲವು ವರ್ಷ ಹರಿಯುವುದೇ ಇಲ್ಲ. ದಾರಿಯುದ್ದಕ್ಕೂ ನನ್ನನ್ನು ಕಾಡಿದ ಪ್ರಶ್ನೆ ಇದೇ ಆಗಿತ್ತು, ಅವಳ ಪರೀಕ್ಷಕರೂ ಇದನ್ನೇ ಕೇಳುತ್ತಾರೆ: ಕಡಲನ್ನೇ ಮುಟ್ಟದ ನದಿಯಿಂದ ಕಡಲಿಗೇನು ಕೇಡು? ಉತ್ತರ ಕೋಡಿಯ ಬಳಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರಿಂದ ಬಂತು. 2021ರ ನವೆಂಬರ್ ಮಳೆಯಲ್ಲಿ ಪಾಲಾರ್ ಉಕ್ಕಿದ್ದನ್ನು ಅವರು ಇದೇ ಕಟ್ಟೆಯ ಮೇಲೆ ನಿಂತು ನೋಡಿದ್ದರು.

"ನೀರಿಗಿಂತ ಮೊದಲು ಕಸ ಬಂತು ತಾಯಿ. ಹತ್ತು ವರ್ಷದಿಂದ ಹಳ್ಳಕೊಳ್ಳದಲ್ಲಿ ಬಿದ್ದಿದ್ದೆಲ್ಲ ಒಂದೇ ಸಲಕ್ಕೆ ಎದ್ದು ಬಂತು. ಚೀಲ, ಚಪ್ಪಲಿ, ಟೊಮೆಟೊ ತೋಟದ ಕರಿ ಹಾಳೆ, ಹನಿ ನೀರಾವರಿಯ ಪೈಪು. ಕೆಂಪು ನೀರಿನ ಮುಂದೆ ಕುರಿಮಂದೆಯ ಹಾಗೆ ಓಡಿತು."

"ಎಲ್ಲಿಗೆ ಹೋಯಿತು ತಾತ?" ಎಂದಳು ಹುಡುಗಿ.

"ಕುಪ್ಪಂ ಕಡೆಗೆ. ಅಲ್ಲಿಂದಾಚೆ ನನಗೆ ಗೊತ್ತಿಲ್ಲ."

ಬತ್ತಿದ ನದಿ ಕಸವನ್ನು ತಡೆಯುವುದಿಲ್ಲ, ಕೂಡಿಡುತ್ತದೆ. ಕೂಡಿಟ್ಟಿದ್ದನ್ನು ಒಂದು ದಿನ ಒಟ್ಟಿಗೆ ಕಳಿಸುತ್ತದೆ. ನನ್ನ ವಿಜ್ಞಾನದ ಪಾಠದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ನದಿಗಳ ಹೆಸರು ಕಲಿಸಿದೆ, ಅವು ಹೊತ್ತೊಯ್ಯುವುದರ ಹೆಸರು ಕಲಿಸಲಿಲ್ಲ ಎಂಬ ಸಂಕಟ ಆ ಕಟ್ಟೆಯ ಮೇಲೆ ನನ್ನನ್ನು ಬಹಳ ಹೊತ್ತು ಬಿಡಲಿಲ್ಲ.

ಅವಳು ಹಿರಿಯರನ್ನು ಕುಳ್ಳಿರಿಸಿಕೊಂಡು ಕಾಗದದ ಮೇಲೆ ಗೆರೆ ಎಳೆಯತೊಡಗಿದಳು. ಕೋಡಿಗೆ ಅಡ್ಡಲಾಗಿ ಅಲ್ಲ, ಅದರ ಬದಿಯಲ್ಲಿ ಒಂದು ಕಲ್ಲಿನ ಮಂಟಪ. ಕೋಲಾರದ ಬಂಡೆಯೇ ಸಾಕು, ಬೇರೆ ಊರಿನದು ಬೇಡ. ಮಂಟಪದಿಂದ ನೀರಿಗಿಳಿಯುವ ಮೆಟ್ಟಿಲು, ಶೃಂಗಿ ತೀರ್ಥದ ಹಾಗೆ. ಕೆರೆಗೆ ಬಂದು ಸೇರುವ ಕಾಲುವೆಯ ಬಾಯಿಗೆ ತೆಗೆದು ತೊಳೆಯಬಹುದಾದ ಜಾಲರಿ. ಜಾಲರಿಯಲ್ಲಿ ಸಿಕ್ಕಿದ್ದನ್ನು ಪ್ರತಿ ಸಂತೆಯ ದಿನ ಮಂಟಪದ ನಡುವಿನ ಕಬ್ಬಿಣದ ಪಂಜರಗಂಬಕ್ಕೆ ತುಂಬುವುದು. ಕಂಬ ತುಂಬುತ್ತ ಹೋದದ್ದು ಸಂತೆಗೆ ಬಂದವರಿಗೆಲ್ಲ ಕಾಣಬೇಕು. ನೆಲಹಾಸಿನ ಕಲ್ಲುಗಳ ಮೇಲೆ ನಂದಿಯಿಂದ ವಯಲೂರಿನವರೆಗೆ ನದಿಯ ದಾರಿ, ಪ್ರತಿ ಊರಿನ ಹೆಸರು ಕೆತ್ತಿರಬೇಕು.

"ಪ್ರವಾಹ ಬಂದರೆ ಜಾಲರಿ ಕಟ್ಟಿಕೊಂಡು ಏರಿ ಒಡೆಯುವುದಿಲ್ಲವೇ?" ಎಂದು ನಾನು ಕೇಳಿದೆ. ಆ ಭಯ ಅವಳಿಗೂ ಇತ್ತು. ಆದ್ದರಿಂದಲೇ ಕೋಡಿಯನ್ನು ಮುಟ್ಟುವುದಿಲ್ಲ ಎಂದಳು; ನೀರು ಏರಿದಾಗ ತಾನಾಗಿ ಮೇಲಕ್ಕೆ ತೆರೆದುಕೊಳ್ಳುವ ಜಾಲರಿ ಬೇಕು, ಅದರ ಲೆಕ್ಕವನ್ನು ಸಿವಿಲ್ ಎಂಜಿನಿಯರ್ ಒಬ್ಬರ ಮುಂದಿಡಬೇಕು ಎಂದಳು. ಹಿರಿಯರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಮಾತು ಕೇಳಿದರು.

"ಕಂಬ ತುಂಬಿದ ಮೇಲೆ ಏನು ಮಾಡುತ್ತೀರಿ?"

ಅವಳ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ. ಅವಳು ಆ ಪ್ರಶ್ನೆಯನ್ನು ಚಿತ್ರದ ಕೆಳಗೆ ಅವರು ಕೇಳಿದ ಮಾತಿನಲ್ಲೇ ಬರೆದುಕೊಂಡಳು.

ಬೆಳಕು ಹೋಗುವ ಮುಂಚೆ ಕೋಡಿಯ ಅಳತೆ ಬೇಕಾಗಿತ್ತು. ಅವಳು ಟೇಪು ಹಿಡಿದು ಆಚೆ ಬದಿಗೆ ನಡೆದಳು. ಈಚೆಯ ತುದಿಯನ್ನು ಕಲ್ಲಿಗೆ ಒತ್ತಿ ನಾನು ಕುಳಿತೆ. ಟೇಪು ಅರ್ಧ ದಾರಿಗೇ ಮುಗಿಯಿತು. ಹಿರಿಯರು ದನ ಕಟ್ಟುವ ಹಗ್ಗ ಬಿಚ್ಚಿಕೊಟ್ಟರು. ಅದನ್ನು ಟೇಪಿನ ತುದಿಗೆ ಗಂಟು ಹಾಕಿ ಅವಳು ಮುಂದೆ ನಡೆದಳು.