ಕೀಲಿ ತಿರುಗಿಸಿದಾಗ ಎಷ್ಟು ದೀಪ?

ನಮ್ಮ ಟೊಯೊಟಾ ವ್ಯಾನು ಹೈಏಸ್‌ನ ಡೀಸೆಲ್ ಟ್ಯಾಂಕಿನ ಮುಚ್ಚಳದ ಮೇಲೆ ಎರಡು ಜಪಾನಿ ಅಕ್ಷರಗಳಿವೆ. ಮಗಳು ಅದರ ಮೇಲೆ ಮೊಬೈಲ್ ಹಿಡಿದು ಅನುವಾದ ಕೇಳಿದಾಗ 'ಹಗುರ ಎಣ್ಣೆ' ಎಂದು ಬಂತು. ಹದಿನೈದು ದಿನದಿಂದ ಆ ಗಾಡಿಗೆ ಡೀಸೆಲ್ ಕುಡಿಸುತ್ತಿದ್ದ ನಮ್ಮವರ ಮುಖ ಬಿಳಚಿತು. ಸ್ವಲ್ಪ ಹುಡುಕಿದ ಮೇಲೆ ತಿಳಿಯಿತು, ಜಪಾನಿನಲ್ಲಿ 'ಕೇಯು' ಎಂದರೆ ಡೀಸೆಲ್ಲೇ, ಅಕ್ಷರಶಃ ಅರ್ಥ ಮಾತ್ರ ಹಗುರ ಎಣ್ಣೆ. ಅಂದು ನಾನು ತೀರ್ಮಾನಿಸಿದೆ: ಈ ಗಾಡಿಯನ್ನು ಓಡಿಸುವ ಮೊದಲು ಓದಲು ಕಲಿಯಬೇಕು.

ಗಾಡಿ 1996ರದು, 2.8 ಲೀಟರಿನ ಡೀಸೆಲ್ ಎಂಜಿನ್. ದೆಹಲಿಯಲ್ಲಿದ್ದ ಜಪಾನಿ ಅಧಿಕಾರಿಯೊಬ್ಬರು ತಮ್ಮ ಜೊತೆ ತಂದಿದ್ದರು, ಊರಿಗೆ ಮರಳುವಾಗ ಮಾರಿದರು. ಆಗ ಸೇನೆಯಲ್ಲಿದ್ದ ನಮ್ಮ ಬಾವ ಕೊಂಡರು. ಕಾಗದಪತ್ರದ ಕಥೆ ಬೇರೆಯೇ ಇದೆ, ಅದನ್ನು ನೆನೆದರೆ ಬಾವನಿಗೆ ಈಗಲೂ ರಕ್ತದೊತ್ತಡ ಏರುತ್ತದೆ. ನಿವೃತ್ತಿಯಾದ ಮೇಲೆ ಒಳಗೆ ಮಂಚ, ಸಿಂಕು, ಎರಡು ಒಲೆ, 5 ಕಿಲೋ ಸಿಲಿಂಡರಿಗೊಂದು ಪೆಟ್ಟಿಗೆ, ದೀಪ ಫ್ಯಾನುಗಳಿಗೆ ಬೇರೆ ಬ್ಯಾಟರಿ ಇಡಿಸಿಕೊಂಡು ಹಿಮಾಲಯವನ್ನೆಲ್ಲ ಸುತ್ತಿದರು. ಮಂಡಿ ಕೈಕೊಟ್ಟಾಗ ಚೇರಂಬಾಣೆಯ ನಮ್ಮ ಕಣದ ಪಕ್ಕ ತಂದು ನಿಲ್ಲಿಸಿ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ನಮ್ಮವರ ಕೈಗಲ್ಲ. ಅದಕ್ಕೂ ಒಂದು ಕಥೆಯಿದೆ, ಇರಲಿ.

ಮಗಳು ಗಾಡಿಯ ದೋಷದ ಕೋಡ್ ಓದುವ ಪುಟ್ಟ ಬ್ಲೂಟೂತ್ ಯಂತ್ರವೊಂದನ್ನು ತರಿಸಿದಳು. ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಅರ್ಧ ಗಂಟೆ ಹುಡುಕಿದರೂ ಅದನ್ನು ಚುಚ್ಚುವ ಹದಿನಾರು ಪಿನ್ನಿನ ಜಾಗ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಈ ಎಂಜಿನಿಗೆ ಡೀಸೆಲ್ ಹಂಚುವುದು ಪೂರ್ತಿ ಯಾಂತ್ರಿಕ ಪಂಪು, ಹೊಸ ಗಾಡಿಗಳಂತೆ ಕಂಪ್ಯೂಟರ್ ಅಲ್ಲ. ಆದ್ದರಿಂದ 'ಚೆಕ್ ಎಂಜಿನ್' ಎಂಬ ಹಳದಿ ಚಿತ್ರವೇ ಇದರಲ್ಲಿಲ್ಲ. ನನಗೇನೂ ಬೇಸರವಾಗಲಿಲ್ಲ. ನೂರು ಬಗೆಯ ದೋಷಕ್ಕೆ ಒಂದೇ ಮುಖ ಮಾಡುವ ದೀಪ ಅದು. ನಮ್ಮ ಮೀಟರ್ ಬೋರ್ಡಿನಲ್ಲಿ ಒಂದೊಂದು ದೀಪಕ್ಕೂ ಒಂದೊಂದು ಕೆಲಸ.

ಬಣ್ಣದ ಲೆಕ್ಕ ಎಲ್ಲ ದೇಶಕ್ಕೂ ಒಂದೇ. ಕೆಂಪು ಎಂದರೆ ನಿಲ್ಲಿಸು, ಹಳದಿ ಎಂದರೆ ಬೇಗ ನೋಡಿಸು, ಹಸಿರು ನೀಲಿ ಬರೀ ಸುದ್ದಿ. ಇಷ್ಟು ಗೊತ್ತಿದ್ದರೆ ಜಪಾನಿ ಬಾರದಿದ್ದರೂ ನಡೆಯುತ್ತದೆ. ಸುರುಳಿಯಂತಿರುವ ಹಳದಿ ದೀಪ ಮಾತ್ರ ದೋಷದ್ದಲ್ಲ, ಅದು ಹೊತ್ತಿಸುವ ಮೊದಲು ಎಂಜಿನ್ ಒಳಗೆ ಬಿಸಿ ಮಾಡುವ ಹೀಟರಿನದು. ಡಿಸೆಂಬರಿನ ಚಳಿಯಲ್ಲಿ, ಕಾಫಿ ಕೊಯ್ಲಿನ ಆಳುಗಳನ್ನು ಕರೆತರಲು ಬೆಳಿಗ್ಗೆ ಹೊರಟಾಗ, ಅದು ಆರುವವರೆಗೆ ಕಾದು ಸೆಲ್ಫ್ ಹೊಡೆದರೆ ಗಾಡಿ ಒಂದೇ ಸಲಕ್ಕೆ ಏಳುತ್ತದೆ. ನಮ್ಮವರಿಗೆ ಆ ತಾಳ್ಮೆ ಇಲ್ಲ. (ಕೀಲಿ ನನ್ನ ಕೈಗೆ ಬಂದದ್ದರ ಅರ್ಧ ಕಥೆ ಇದೇ.)

ಕೆಂಪು ದೀಪಗಳಲ್ಲಿ ನಮ್ಮ ಪೂಜೆಯ ಗಿಂಡಿಯನ್ನೇ ಹೋಲುವ ಒಂದು ಚಿತ್ರವಿದೆ, ಮೂತಿಯಲ್ಲೊಂದು ಹನಿ. ಎಂಜಿನ್ ಆಯಿಲ್ ಕಡಿಮೆಯಾದರೆ ಅದು ಉರಿಯುತ್ತದೆ ಎಂದೇ ತುಂಬಾ ಜನ ತಿಳಿದಿದ್ದಾರೆ. ಅದು ಅಳೆಯುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಓಡುತ್ತಿರುವಾಗ ಅದು ಹೊತ್ತಿತೆಂದರೆ ಬೇರಿಂಗುಗಳಿಗೆ ಆಯಿಲ್ ತಲುಪುತ್ತಿಲ್ಲ, ಮುಂದಿನ ತಿರುವಿನವರೆಗೂ ಹೋಗಬಾರದು. ಮಟ್ಟ ತಿಳಿಯಲು ಕಡ್ಡಿ ಎಳೆದು ನೋಡುವುದೇ ದಾರಿ.

ನನಗೆ ಅತ್ಯಂತ ಪರಿಚಿತವಾದದ್ದು ಡೀಸೆಲ್ ಫಿಲ್ಟರಿನ ಹಳದಿ ದೀಪ. ತಪ್ಪು ಗಾಡಿಯದಲ್ಲ, ನಮ್ಮ ಮನೆಯದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ, ಜನರೇಟರಿಗೆ ಎಂದು ಶೆಡ್ಡಿನಲ್ಲಿ ಬ್ಯಾರೆಲ್ ಇಟ್ಟಿರುತ್ತೇವೆ. ಮಳೆಗಾಲದಲ್ಲಿ ಅರ್ಧ ಖಾಲಿ ಬ್ಯಾರೆಲಿನ ಒಳಮೈ ಬೆವರುತ್ತದೆ, ಆ ನೀರು ತಳಕ್ಕೆ ಇಳಿಯುತ್ತದೆ. ಪೇಟೆಗೆ ಹೋಗಲು ಸೋಮಾರಿತನವಾದ ದಿನ ಅದನ್ನೇ ಗಾಡಿಗೆ ಸುರಿದೆವು. ಮೂರನೆಯ ದಿನ ದೀಪ ಹೊತ್ತಿತು. ಫಿಲ್ಟರಿನ ತಳದಲ್ಲಿ ನೀರು ಒಂದು ಮಟ್ಟಕ್ಕೆ ಏರಿದಾಗ ಅಲ್ಲಿನ ತೇಲುಬಿರಡೆ ಮೇಲೆದ್ದು ದೀಪ ಹೊತ್ತಿಸುತ್ತದೆ, ಅಷ್ಟೇ. ಆದರೆ ಅಸಡ್ಡೆ ಮಾಡುವಂತಿಲ್ಲ. ಈ ಪಂಪಿಗೆ ಡೀಸೆಲ್ಲೇ ಆಹಾರ, ಡೀಸೆಲ್ಲೇ ಕೀಲೆಣ್ಣೆ. ನೀರು ಹೋದರೆ ಒಳಗಿನ ನಯವಾದ ಭಾಗಗಳು ತುಕ್ಕು ಹಿಡಿದು ಸವೆಯುತ್ತವೆ.

ಎಂಜಿನ್ ಆರಿಸಿ, ನಮ್ಮವರ ಸ್ಟೀಲ್ ಲೋಟವನ್ನು ಫಿಲ್ಟರಿನ ಕೆಳಗೆ ಹಿಡಿದು, ತಳದ ಪ್ಲಗ್ಗನ್ನು ನಾಲ್ಕು ಸುತ್ತು ಸಡಿಲಿಸಿದೆ. ಮೇಲಿನ ಹ್ಯಾಂಡ್ ಪಂಪನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೊದಲು ಕೆಸರು ಬಣ್ಣದ ನೀರು ಬಂತು. ಆಮೇಲೆ ಬಂದದ್ದು ನೀರು ಡೀಸೆಲ್ ಎರಡೂ. ಲೋಟದ ತಳದಲ್ಲಿ ನೀರು ಕೆಸುವಿನೆಲೆಯ ಮೇಲಿನ ಹನಿಗಳಂತೆ ಗುಂಡಗಾಗಿ ಕೂತಿತು, ಡೀಸೆಲ್ ಅದರ ಮೇಲೆ ತೇಲಿತು. ಕೊನೆಗೆ ಬರೀ ಡೀಸೆಲ್ ಬಂದಾಗ ಪ್ಲಗ್ ಬಿಗಿದು, ಪಂಪು ಬೆರಳಿಗೆ ಗಟ್ಟಿಯಾಗುವವರೆಗೆ ಒತ್ತಿದೆ. ಹಾಗೆ ಒತ್ತದಿದ್ದರೆ ಏರ್ ಹಿಡಿದು ಗಾಡಿ ಏಳುವುದಿಲ್ಲ. ದೀಪ ಆರಿತು. ಲೋಟದ ವಿಷಯಕ್ಕೆ ಎರಡು ದಿನ ಮಾತುಕತೆ ಇರಲಿಲ್ಲ.

ಇದೆಲ್ಲ ಒಂದೊಂದೇ ದೀಪದ ಮಾತು. ಎರಡು ಒಟ್ಟಿಗೆ ಉರಿದಾಗ ಏನೆಂದು ನನಗೆ ಕಲಿಸಿದ್ದು ಸಂಪಾಜೆ ಘಾಟಿ. ಕಳೆದ ವರ್ಷ ಸುಳ್ಯಕ್ಕೆ ಹೊರಟಿದ್ದೆ. ನಮ್ಮವರು ಹಿಂದಿನ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದರು. ಮದೆನಾಡು ದಾಟಿ, 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಜೋಡುಪಾಲದ ಕಡೆ ಇಳಿಯುತ್ತಿರುವಾಗ ಸೀಟಿನ ಕೆಳಗಿನ ಎಂಜಿನ್ ಕಡೆಯಿಂದ ಪಟ್ ಎಂಬ ಸದ್ದು. ಬ್ಯಾಟರಿ ದೀಪ, ಬ್ರೇಕ್ ದೀಪ, ಎರಡೂ ಕೆಂಪಾದವು. ಹ್ಯಾಂಡ್ ಬ್ರೇಕ್ ಎಳೆದಿರಲಿಲ್ಲ. ಬ್ಯಾಟರಿಗೂ ಬ್ರೇಕಿಗೂ ಏನು ಸಂಬಂಧ ಎಂದು ಯೋಚಿಸುವಷ್ಟರಲ್ಲಿ ಪೆಡಲ್ ಎರಡು ಸಲ ಮಾತು ಕೇಳಿ ಮೂರನೆಯ ಸಲಕ್ಕೆ ಕಲ್ಲಾಯಿತು. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿ, ಎರಡೂ ಕಾಲಿನಿಂದ ತುಳಿದು, ಹ್ಯಾಂಡ್ ಬ್ರೇಕ್ ಎಳೆದು, ಧರೆಯ ಬದಿಯ ಚರಂಡಿಗೆ ಒಂದು ಚಕ್ರ ಕೊಟ್ಟು ನಿಲ್ಲಿಸಿದೆ. ಹಿಂದಿನಿಂದ "ಬಂತಾ ಸುಳ್ಯ?" ಎಂಬ ಧ್ವನಿ ಬಂತು.

ಸಂಬಂಧ ಇರುವುದು ಡೈನಮೋದಲ್ಲಿ. ಈ ಹಳೆಯ ಡೀಸೆಲ್ಲುಗಳಲ್ಲಿ ಬ್ರೇಕಿಗೆ ಬಲ ಕೊಡುವ ನಿರ್ವಾತ ಪಂಪನ್ನು ಡೈನಮೋದ ಬೆನ್ನಿಗೇ ಕಟ್ಟಿರುತ್ತಾರೆ. ಡೈನಮೋ ತಿರುಗಿಸುವ ಬೆಲ್ಟ್ ತುಂಡಾದರೆ ಚಾರ್ಜು ನಿಲ್ಲುತ್ತದೆ, ಬ್ರೇಕಿನ ಬಲವೂ ಹೋಗುತ್ತದೆ, ರೇಡಿಯೇಟರಿನ ನೀರು ತಿರುಗಿಸುವ ಪಂಪೂ ನಿಲ್ಲುತ್ತದೆ. ಬ್ಯಾಟರಿ ದೀಪ ತಾನೇ, ಊರು ತಲುಪಿ ನೋಡಿದರಾಯಿತು ಎಂದು ಇಳಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ತುಂಡಾದ ಬೆಲ್ಟಿನ ಬೆನ್ನ ಮೇಲೆ ಅಳಿಸದೆ ಉಳಿದಿದ್ದ ನಂಬರನ್ನು ಫೋನಿನಲ್ಲಿ ಓದಿ ಹೇಳಿದೆ. ಸುಳ್ಯದಿಂದ ಮೆಕ್ಯಾನಿಕ್ ಬೈಕಿನಲ್ಲಿ ಹೊಸದನ್ನು ಕೊರಳಿಗೆ ಹಾಕಿಕೊಂಡು ಬಂದ.

ಆ ರಾತ್ರಿ ಮನೆಯಲ್ಲಿ ಮಗಳು ಗಾಡಿಯ ಜಪಾನಿ ಪುಸ್ತಕ ತೆಗೆದಳು. ಕೀಲಿಯನ್ನು ಅರ್ಧ ತಿರುಗಿಸಿ ಎಂಜಿನ್ ಹೊತ್ತಿಸದೆ ಬಿಟ್ಟರೆ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಉರಿಯಬೇಕು. ಬಲ್ಬುಗಳು ಬದುಕಿವೆಯೇ ಎಂಬ ಹಾಜರಿ ಅದು. ಪುಸ್ತಕದ ಪುಟದಲ್ಲಿ ಒಂಬತ್ತು ಚಿತ್ರ. ಕಣದಲ್ಲಿ ಮಳೆ, ಒಳಗೆ ನಾವಿಬ್ಬರೂ ಬೆರಳಿಟ್ಟು ಎಣಿಸಿದೆವು. ಎಂಟೇ. ಮತ್ತೆ ಎಣಿಸಿದೆವು. ಎಂಟೇ. ಇಷ್ಟು ದಿನ ಹೊತ್ತಿದ್ದಕ್ಕೆ ಹೆದರುತ್ತಿದ್ದ ನನಗೆ ಹೊತ್ತದ ದೀಪ ಕಂಡು ಎದೆ ಝಲ್ಲೆಂದಿತು.

ಬಾರದಿದ್ದದ್ದು ಟೈಮಿಂಗ್ ಬೆಲ್ಟಿನ ದೀಪ. ಘಾಟಿಯಲ್ಲಿ ತುಂಡಾದ ಬೆಲ್ಟ್ ಬೇರೆ, ಇದು ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನುಗಳ ತಾಳಕ್ಕೆ ಹೊಂದಿಸುವ ಬೆಲ್ಟ್. ಅದಕ್ಕೆ ಬೆಲ್ಟಿನ ಆರೋಗ್ಯ ಗೊತ್ತಿಲ್ಲ, ಲೆಕ್ಕ ಮಾತ್ರ ಗೊತ್ತು. ಒಂದೊಂದು ಲಕ್ಷ ಕಿ.ಮೀ. ಆದಾಗಲೂ ಹೊತ್ತುತ್ತದೆ, ಬೆಲ್ಟ್ ಬದಲಿಸಿ ಲೆಕ್ಕವನ್ನು ಮರಳಿ ಕೂರಿಸುವವರೆಗೆ ಆರುವುದಿಲ್ಲ. ನಮ್ಮ ಮೀಟರ್ 2,38,000 ದಾಟಿತ್ತು. ಆ ಬೆಲ್ಟ್ ಓಡುವಾಗ ಹರಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಗುದ್ದಿ ಎಂಜಿನ್ ಮುಗಿದಂತೆಯೇ. ಮರುದಿನವೇ ಬಿಚ್ಚಿಸಿದೆವು. ಮೀಟರ್ ಬೋರ್ಡಿನ ಹಿಂದೆ ಆ ಬಲ್ಬಿನ ಗೂಡು ಖಾಲಿ. ಬೆಲ್ಟಿನ ಹಲ್ಲುಗಳ ಬುಡದಲ್ಲಿ ಉಗುರು ತೂರುವಷ್ಟು ಸೀಳು.

ಯಾವುದೋ ಗ್ಯಾರೇಜಿನವನು ಬಲ್ಬು ಕಿತ್ತು ಮೋಸ ಮಾಡಿದ್ದಾನೆ ಎಂದು ನಮ್ಮವರು ಕೂಗಾಡಿದರು. ನಾನು ಮೈಸೂರಿನಲ್ಲಿರುವ ಬಾವನಿಗೆ ಫೋನ್ ಮಾಡಿದೆ. ಅತ್ತ ಸ್ವಲ್ಪ ಹೊತ್ತು ಮೌನ.

"ಕಿತ್ತದ್ದು ನಾನೇ ಮಾರಾಯ್ತಿ. ಲಡಾಖಿನಲ್ಲಿ ಎರಡು ಲಕ್ಷ ತುಂಬಿತು, ಬೆಲ್ಟು ಎಲ್ಲಿ ಸಿಗುತ್ತದೆ ಅಲ್ಲಿ? ರಾತ್ರಿ ಅದು ಕಣ್ಣಿಗೇ ಹೊಡೆಯುತ್ತಿತ್ತು. ಬಲ್ಬು ಎಲ್ಲೂ ಹೋಗಿಲ್ಲ, ಸಿಂಕಿನ ಕೆಳಗಿನ ಡಬ್ಬಿಯಲ್ಲಿದೆ ನೋಡು, ಏಲಕ್ಕಿಯ ಜೊತೆ."

ಇತ್ತು.