ಭಿನ್ನವಾದ ಗೊಂಬೆಗಳು

ಭಾನುವಾರ ಮ್ಯೂನಿಕ್‌ನ ಗ್ಲಿಪ್ಟೋಥೆಕ್ ಎಂಬ ಹಳೇ ಶಿಲ್ಪಗಳ ಮ್ಯೂಸಿಯಂಗೆ ಒಂದೇ ಯೂರೋ ಟಿಕೆಟ್ಟು. ದಸರೆಯಲ್ಲಿ ಊರು ಕಾಡುತ್ತಿದ್ದಾಗ ಹೊತ್ತು ಕಳೆಯಲು ಅದಕ್ಕಿಂತ ಅಗ್ಗದ ಜಾಗ ಎಲ್ಲಿ ಸಿಗಬೇಕು?

ಆ ವಾರವೆಲ್ಲ ಮಾರ್ಟಿನ್ ವಾಗ್ನರ್‌ನ ಪತ್ರಗಳ ಗುಂಗಿನಲ್ಲಿದ್ದೆ. ಚಿತ್ರಕಾರ, ಶಿಲ್ಪಿ, ರೋಮಿನಲ್ಲಿ ಕೂತು ಬವೇರಿಯಾದ ಯುವರಾಜ ಲುಡ್ವಿಗ್‌ಗೆ ಹಳೇ ಶಿಲ್ಪ ಹುಡುಕಿಕೊಡುತ್ತಿದ್ದವನು. ಯಾವುದನ್ನು ಕೊಳ್ಳಬೇಕು, ತಂದದ್ದನ್ನು ಎಲ್ಲಿ ಹೇಗೆ ನಿಲ್ಲಿಸಬೇಕು ಎಂದು ಇಬ್ಬರ ನಡುವೆ ನೂರಾರು ಕಾಗದ ಓಡಾಡಿವೆ. ಈ ಮ್ಯೂಸಿಯಂ ಕಟ್ಟಿದ ವಾಸ್ತುಶಿಲ್ಪಿ ಕ್ಲೆನ್ಸೆ ಗೋಡೆಗೆಲ್ಲ ಬಣ್ಣ, ಅಲಂಕಾರ ಅಂತ ಹೊರಟರೆ ವಾಗ್ನರ್‌ನದು ಒಂದೇ ಹಟ: ಗೋಡೆ ಸಾದಾ ಇರಲಿ. ಗೆದ್ದದ್ದು ಕ್ಲೆನ್ಸೆ. 1830ರಲ್ಲಿ ತೆರೆದ ಆ ವೈಭವವನ್ನು ಎರಡನೇ ಮಹಾಯುದ್ಧದ ಬಾಂಬು ನುಂಗಿತು. 1972ರಲ್ಲಿ ಮತ್ತೆ ಬಾಗಿಲು ತೆಗೆದಾಗ ಬರೀ ಇಟ್ಟಿಗೆ ಗೋಡೆ. ವಾಗ್ನರ್ ಸತ್ತು ಆಗಲೇ 114 ವರ್ಷ.

ಗ್ರೀಸಿನ ಈಜಿನಾ ದ್ವೀಪದ ಅಫಾಯಾ ದೇವತೆಯ ಗುಡಿಯ ಶಿಲ್ಪಗಳ ಮುಂದೆ ನಿಂತಿದ್ದೆ. ಮೈಸೂರಿಂದ ಅಮ್ಮನ ವಿಡಿಯೋ ಕಾಲ್, ಕೂರಿಸಿದ ಗೊಂಬೆ ತೋರಿಸಲು. ನಾನೂ ಫೋನ್ ತಿರುಗಿಸಿ ತೋರಿಸಿದೆ. ನಡುವೆ ಗ್ರೀಕ್ ದೇವತೆ ಅಥೀನಾ, ಆಚೀಚೆ ಕಾದಾಡುವವರು, ಮಂಡಿಯೂರಿದ ಬಿಲ್ಲುಗಾರರು, ಸೂರು ತಗ್ಗುವ ಮೂಲೆಯಲ್ಲಿ ಗುರಾಣಿ ಹಿಡಿದೇ ಸಾಯುತ್ತಿರುವ ಯೋಧ.

"ಅಯ್ಯೋ, ಒಂದಕ್ಕೆ ತಲೆಯಿಲ್ಲ, ಒಂದಕ್ಕೆ ಕೈಯಿಲ್ಲ. ಭಿನ್ನ ಆಗಿದ್ದನ್ನ ಯಾರಾದ್ರೂ ಕೂರಿಸ್ತಾರೇನೋ?"

ಲುಡ್ವಿಗ್‌ನ ಕಾಲದವರೂ ಹೀಗೇ ಅಂದುಕೊಂಡಿದ್ದರು. 1811ರಲ್ಲಿ ಕಾಕರೆಲ್, ಹಾಲರ್ ಎಂಬ ವಾಸ್ತುಶಿಲ್ಪಿಗಳು ಮತ್ತವರ ಗೆಳೆಯರು ಅಗೆದು ತೆಗೆದ ಶಿಲ್ಪಗಳು ಇವು. ಮರುವರ್ಷ ಹರಾಜು ನಡೆದದ್ದು ಗ್ರೀಸಿನ ಝಾಂಟೆ ದ್ವೀಪದಲ್ಲಿ, ಶಿಲ್ಪಗಳಿದ್ದದ್ದು ಮಾಲ್ಟಾದಲ್ಲಿ. ಬ್ರಿಟಿಷರ ಪ್ರತಿನಿಧಿ ಮಾಲ್ಟಾಕ್ಕೆ ಹೋಗಿ ಕಾದು ಕೂತ! ಶಿಲ್ಪಗಳು ಲುಡ್ವಿಗ್‌ ಪಾಲಾದವು. ರೋಮಿನಲ್ಲಿ ಡೇನಿಶ್ ಶಿಲ್ಪಿ ಥೋರ್ವಾಲ್ಸನ್ 1816ರಿಂದ 1818ರವರೆಗೆ ಹೊಸ ತಲೆ, ಹೊಸ ಕೈ ಜೋಡಿಸಿ ಭಿನ್ನ ಸರಿಪಡಿಸಿದ. 1960ರ ದಶಕದಲ್ಲಿ ಮ್ಯೂಸಿಯಂನವರು ಥೋರ್ವಾಲ್ಸನ್ ಜೋಡಿಸಿದ್ದನ್ನೆಲ್ಲ ಬಿಚ್ಚಿ ತೆಗೆದರು. ಹಳೇ ಕಲ್ಲಷ್ಟೇ ಉಳಿಯಿತು, ಜೊತೆಗೆ ಆಧಾರಕ್ಕೆ ಕೊಟ್ಟ ಕಂಬಿ. ನನಗೇನೋ ಇದೇ ಇಷ್ಟ. ಆದರೂ ಆ ಡೇನಿಶ್ ಶಿಲ್ಪಿಯ ಎರಡು ವರ್ಷದ ದುಡಿಮೆ ಕಳಚಿಟ್ಟದ್ದು ನೆನೆದರೆ ಪಾಪ ಅನಿಸುತ್ತದೆ.

ಇದನ್ನೆಲ್ಲ ಅಮ್ಮನಿಗೆ ಪಿಸುದನಿಯಲ್ಲಿ ಹೇಳುತ್ತಿದ್ದೆ, ಕಾವಲಿನಾಕೆ ದುರುಗುಟ್ಟಿ ನೋಡಿದಳು. ಫೋನಿನಲ್ಲಿ ನಮ್ಮನೆಯ ಕೆಳಗಿನ ಮೆಟ್ಟಿಲು ಕಾಣುತ್ತಿತ್ತು. ಮೂಲೆಯಲ್ಲಿ ಅಕ್ಕಿ ಬೇಳೆ ಹರಡಿಕೊಂಡು ಕೂತ ಶೆಟ್ಟಿ. ನಾನು ಹುಟ್ಟುವ ಮೊದಲೇ ಮೂಗು ಹೋದವನು.

"ಮತ್ತೆ ಶೆಟ್ಟಿ?"

"ಅದು ನಿಮ್ಮಜ್ಜೀದು. ಅದು ಲೆಕ್ಕಕ್ಕಿಲ್ಲ," ಅಂದು ಅಮ್ಮ ಆರತಿಗೆ ಎದ್ದಳು.