ಡ್ರಿಲ್ ಮಾಸ್ಟ್ರು ಕಲಿಸಿದ್ದು

ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಲು ಸೇರಿದಾಗ ಪುಸ್ತಕದಲ್ಲಿದ್ದ ಎಷ್ಟೋ ವಿಷಯಗಳು ನನಗೆ ಮೊದಲೇ ಪರಿಚಯವಿದ್ದವು. ಹೆಸರುಗಳಷ್ಟೇ ಹೊಸತು. ದೇಹಕ್ಕೆ ದಮ್ಮು ಹೇಗೆ ಬರುತ್ತದೆ, ಬಲ ಹೇಗೆ ಕೂಡುತ್ತದೆ, ಬಿಟ್ಟರೆ ಹೇಗೆ ಇಳಿಯುತ್ತದೆ ಎಂಬುದನ್ನೆಲ್ಲ ನಮ್ಮ ಡ್ರಿಲ್ ಮಾಸ್ಟ್ರು ಶಾಲೆಯ ಮುರಕಲ್ಲಿನ ಮೈದಾನದಲ್ಲಿ ಮಾಡಿಸಿಯೇ ತೋರಿಸಿದ್ದರು.

ಆ ಕಾಲದಲ್ಲಿ ಕಾಸರಗೋಡಿನ ಎಷ್ಟೋ ಶಾಲೆಗಳಲ್ಲಿ ಡ್ರಿಲ್ ಪೀರಿಯಡ್ ಎಂದರೆ ಕಬಡ್ಡಿ ಆಡುವ ಏಳೆಂಟು ಹುಡುಗರದ್ದು. ಉಳಿದವರು, ಅದರಲ್ಲೂ ಹುಡುಗಿಯರು, ಗೇರು ಮರದ ನೆರಳಿನಲ್ಲಿ ಮಾತಾಡುತ್ತ ಕೂರುವುದು. ನಮ್ಮ ಮಾಸ್ಟ್ರು ಅದಕ್ಕೆ ಒಪ್ಪಲಿಲ್ಲ. "ಲೆಕ್ಕ ಬರುವುದಿಲ್ಲ ಅಂತ ಯಾರನ್ನಾದರೂ ಲೆಕ್ಕದ ಕ್ಲಾಸಿನಿಂದ ಹೊರಗೆ ಕೂರಿಸ್ತಾರಾ? ಹಾಗಾದರೆ ಓಡ್ಲಿಕ್ಕೆ ಬಾರದವರು ಇಲ್ಲಿ ಯಾಕೆ ಕೂರಬೇಕು? ಏಳಿ ಮಕ್ಕಳೇ" ಎನ್ನುತ್ತಿದ್ದರು. ಅವರ ಬಗ್ಗೆ ನನಗಿರುವ ಗೌರವ ಶುರುವಾದದ್ದೇ ಅಲ್ಲಿಂದ.

ಅಡಿಕೆ ಹಾಳೆಯಲ್ಲಿ ಚಿಕ್ಕವರನ್ನು ಕೂರಿಸಿ ಎಳೆಯುವುದು ನಮ್ಮೂರಿನ ಎಲ್ಲ ಮಕ್ಕಳೂ ಆಡಿದ ಆಟ. ಮಾಸ್ಟ್ರು ಅದನ್ನೇ ವ್ಯಾಯಾಮ ಮಾಡಿದರು. ಮೈದಾನದ ಹುಲ್ಲಿನ ಬದಿಯಲ್ಲಿ ಹಾಳೆಗೆ ಹಗ್ಗ ಕಟ್ಟಿ, ಒಳಗೆ ಒಂದು ಮುರಕಲ್ಲಿನ ತುಂಡಿಟ್ಟು ಎಳೆಸುವುದು. ಅದು ಸಲೀಸಾದ ಮೇಲೆ ಇನ್ನೊಂದು ತುಂಡು. ಅದೂ ಸಲೀಸಾದರೆ ಭಾರ ಅಷ್ಟೇ ಇರಿಸಿ ದೂರ ಹೆಚ್ಚಿಸುವುದು. ಎರಡನ್ನೂ ಒಟ್ಟಿಗೆ ಹೆಚ್ಚಿಸಲು ಬಿಡುತ್ತಿರಲಿಲ್ಲ. ಯಾರು ಎಷ್ಟು ಎಳೆದರು ಎಂದು ಹಾಜರಿ ಪುಸ್ತಕದಂಥ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. "ಪಕ್ಕದವಳನ್ನು ನೋಡ್ಬೇಡ. ಹೋದ ವಾರ ನೀನು ಎಷ್ಟು ಎಳೆದೆ, ಅದನ್ನು ನೋಡು." ಎಳೆದ ಮರುದಿನ ಅದೇ ಕೆಲಸ ಇಲ್ಲ. ಸ್ನಾಯು ಗಟ್ಟಿಯಾಗುವುದು ಎಳೆಯುವಾಗ ಅಲ್ಲ, ಎಳೆದು ದಣಿದ ಮೇಲೆ ಸಿಗುವ ವಿಶ್ರಾಂತಿಯಲ್ಲಿ, ಊಟದಲ್ಲಿ, ನಿದ್ದೆಯಲ್ಲಿ. ಇವತ್ತು ಮಂಡಿ ಆಪರೇಷನ್ ಆದವರಿಗೆ ವ್ಯಾಯಾಮ ಹೇಳಿಕೊಡುವಾಗಲೂ ನಾನು ಹಿಡಿಯುವುದು ಇದೇ ದಾರಿಯನ್ನು.

ಓಟದ ವೇಗಕ್ಕೂ ಅವರ ಬಳಿ ಅಳತೆ ಇತ್ತು. ಮೈದಾನಕ್ಕೆ ಸುತ್ತು ಹಾಕುತ್ತ ಹನ್ನೆರಡರ ಮಗ್ಗಿ ಹೇಳಬೇಕು. ಮಗ್ಗಿ ಹೇಳಲು ಆಗಬೇಕು, ಹಾಡಲು ಆಗಬಾರದು. ಹಾಡಲು ಆದರೆ ಓಟ ಸಾಲದು, ಮಗ್ಗಿಯೂ ಬಾರದಿದ್ದರೆ ಓಟ ಅತಿಯಾಯಿತು. ನಿಂತ ಕೂಡಲೇ ಮಣಿಕಟ್ಟಿನಲ್ಲಿ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. 220ರಿಂದ ವಯಸ್ಸನ್ನು ಕಳೆದರೆ ಹೃದಯ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಬಡಿಯಬಹುದು ಎಂಬ ಅಂದಾಜು ಸಿಗುತ್ತದೆ. ಹದಿನೈದರ ಹುಡುಗಿಗೆ 205. ಸಾಧಾರಣ ಶ್ರಮದಲ್ಲಿ ನಾಡಿ 130ರಿಂದ 155ರ ಆಸುಪಾಸು ಇರುತ್ತದೆ. ಅಂದಾಜು ಎಲ್ಲರಿಗೂ ಒಂದೇ ರೀತಿ ಹೊಂದುವುದಿಲ್ಲ, ಆದ್ದರಿಂದ ಮಗ್ಗಿಯ ಪರೀಕ್ಷೆಯೇ ಹೆಚ್ಚು ನಂಬಿಕೆಯದ್ದು ಎಂದು ನನ್ನ ಅನುಭವ.

ನನ್ನ ಮಟ್ಟಿಗೆ ಅವರ ದೊಡ್ಡ ಪಾಠ ನೆಗೆದು ಇಳಿಯುವುದು. ಜಗಲಿಯ ಮೆಟ್ಟಿಲಿನಿಂದ ಒಬ್ಬೊಬ್ಬರಾಗಿ ಹಾರಬೇಕು, ಅವರು ಬೆನ್ನು ಹಾಕಿ ನಿಂತು ಕೇಳುತ್ತಿದ್ದರು. ಧಪ್ಪೆಂದು ಸದ್ದಾದರೆ ಇನ್ನೊಮ್ಮೆ. ಮುಂಗಾಲು ಮೊದಲು ನೆಲ ಮುಟ್ಟಬೇಕು, ಆಮೇಲೆ ಹಿಮ್ಮಡಿ. ಸೊಂಟ, ಮಂಡಿ ಎರಡೂ ಮಡಚಿಕೊಳ್ಳಬೇಕು. ಮಂಡಿ ಒಳಕ್ಕೆ ವಾಲಬಾರದು, ಪಾದದ ಬೆರಳುಗಳ ನೇರಕ್ಕೇ ಇರಬೇಕು. ಮಾಸ್ಟ್ರಿಗೆ ಯಕ್ಷಗಾನದ ಆಟವೆಂದರೆ ಮರುಳು. ಅದರಲ್ಲಿ ಎಳೆಯ ವೀರರ ಪಾತ್ರ ಪುಂಡುವೇಷ, ಸುತ್ತುತ್ತ ಹಾರುವ ಕುಣಿತ ಧೀಂಗಿಣ. "ಪುಂಡುವೇಷ ಅಷ್ಟೆಲ್ಲ ಕಟ್ಟಿಕೊಂಡು ಧೀಂಗಿಣ ಹಾರ್ತದಲ್ಲ, ಇಳಿಯುವಾಗ ಮಂಡಿ ಎಂತ ಮಾಡ್ತದೆ ಅಂತ ನೋಡಿದ್ದೀರಾ?" ಎಂದು ಕೇಳಿದರು. ಆ ವರ್ಷ ನಮ್ಮೂರಿಗೆ ಮೇಳ ಬಂದಾಗ ನಾವು ಹುಡುಗಿಯರೆಲ್ಲ ವೇಷ ಕಟ್ಟುವ ಚೌಕಿಯ ಕಡೆ ಹೋಗದೆ ರಂಗಸ್ಥಳದ ಬದಿಯಲ್ಲೇ ಕೂತು ವೇಷದ ಮಂಡಿಗಳನ್ನೇ ನೋಡಿದೆವು. ಚೆಂಡೆಯ ಪೆಟ್ಟಿಗೆ ಸರಿಯಾಗಿ ಕಾಲು ನೆಲ ಮುಟ್ಟುತ್ತಿತ್ತು, ಮಂಡಿ ಸ್ಪ್ರಿಂಗಿನಂತೆ ಕುಗ್ಗಿ ಮತ್ತೆ ಎದ್ದುಕೊಳ್ಳುತ್ತಿತ್ತು.

ಈಗ ನನ್ನಲ್ಲಿಗೆ ಕಬಡ್ಡಿ, ವಾಲಿಬಾಲ್ ಆಡುವ ಎಳೆಯರು ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡು ಬರುತ್ತಾರೆ. ಹಲವರಿಗೆ ಯಾರ ಡಿಕ್ಕಿಯೂ ಆಗಿರುವುದಿಲ್ಲ. ಹಾರಿ ಇಳಿಯುವಾಗಲೋ ಓಡುತ್ತಲೇ ತಟ್ಟನೆ ತಿರುಗುವಾಗಲೋ ಮಂಡಿ ಒಳಕ್ಕೆ ವಾಲಿರುತ್ತದೆ. ನೆಗೆದು ಇಳಿಯುವ ಆಟಗಳಲ್ಲಿ ಈ ಪೆಟ್ಟು ಹುಡುಗಿಯರಿಗೆ ಹೆಚ್ಚು. ಇಳಿಯುವ ಕ್ರಮವನ್ನು ಅಭ್ಯಾಸ ಮಾಡಿಸಿದರೆ ಇದು ಕಡಿಮೆಯಾಗುತ್ತದೆ. ಅದಕ್ಕೆ ಮೆಷಿನ್ ಬೇಡ, ಜಿಮ್ ಬೇಡ, ಒಂದು ಮೆಟ್ಟಿಲು ಮತ್ತು ಕಣ್ಣಿಟ್ಟು ನೋಡುವ ಒಬ್ಬ ಮಾಸ್ಟ್ರು ಸಾಕು.

ಓಟಗಾರ್ತಿ ಪಿ.ಟಿ. ಉಷಾ ಅವರ ಕಥೆಯನ್ನು ಹೇಳದೆ ಮಾಸ್ಟ್ರ ವರ್ಷ ಮುಗಿಯುತ್ತಿರಲಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್, 400 ಮೀಟರ್ ಹರ್ಡಲ್ಸ್, 55.42 ಸೆಕೆಂಡು. ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚು ತಪ್ಪಿತು. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ ಎಂದು ಸೇರಿಸಿ, ಕೊನೆಯ ಗೆರೆ ದಾಟುವಾಗ ಎದೆ ಮುಂದಕ್ಕೆ ಬಾಗಿಸುವುದನ್ನು ಸುಣ್ಣದ ಹುಡಿಯ ಗೆರೆಯ ಮೇಲೆ ಮತ್ತೆ ಮತ್ತೆ ಮಾಡಿಸುತ್ತಿದ್ದರು.

ಹತ್ತನೆಯಲ್ಲಿ ಮಾರ್ಚ್ ಪರೀಕ್ಷೆ ಹತ್ತಿರವಾದಾಗ ಬೇರೆ ಪಾಠದವರು ಡ್ರಿಲ್ ಪೀರಿಯಡ್ ಕೇಳುವುದು ವಾಡಿಕೆ. ಮಾಸ್ಟ್ರು ಬಿಟ್ಟುಕೊಟ್ಟದ್ದನ್ನು ನಾನು ನೋಡಲಿಲ್ಲ. ಅವರ ಆ ಹಟ ಎಷ್ಟು ಸರಿ ಎಂದು ಈಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎರಡು ಮೂರು ವಾರ ಬಿಟ್ಟರೆ ಗಳಿಸಿದ ದಮ್ಮು ಇಳಿಯತೊಡಗುತ್ತದೆ. ಎಲುಬು ಗಟ್ಟಿಯಾಗುವ ಕಾಲವೂ ಈ ಹರೆಯವೇ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಂತೆ ಆಡಬೇಕು, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಎಲುಬಿಗೆ ಬಲ ಕೊಡುವ ಚಟುವಟಿಕೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಈಗ ಮಕ್ಕಳು ಶಾಲಾ ಬಸ್ಸಿನಲ್ಲಿ ಬರುತ್ತಾರೆ. ನಾವು ಗುಡ್ಡೆ ಹತ್ತಿ ಇಳಿದು ಬರುತ್ತಿದ್ದ ದಾರಿಯ ನಡಿಗೆಯೂ ಅವರಿಗಿಲ್ಲ. ಶಾಲೆಯಲ್ಲಾದರೂ ಆ ಪೀರಿಯಡ್ ಉಳಿಯಲಿ.

ನಮ್ಮ ಶಾಲೆಯ ಹಳೆ ವಿದ್ಯಾರ್ಥಿ ಸಂಘದವರು ಅಲ್ಲಿಯ ಲಾಂಗ್ ಜಂಪ್ ಗುಂಡಿಗೆ ಹೊಸ ಮರಳು ತುಂಬಿಸುವ ಮಾತಾಡುತ್ತಿದ್ದಾರೆಂದು ಕೇಳಿ ತುಂಬ ಸಂತೋಷವಾಯಿತು. ನನ್ನ ಪಾಲಿನ ಹಣ ಕೊಡುತ್ತೇನೆ. ಮಳೆ ಬಿಟ್ಟ ಮೇಲೆ ಒಂದು ಶನಿವಾರ ಬಂದು ಎಂಟು, ಒಂಬತ್ತನೆಯ ಮಕ್ಕಳಿಗೆ ನೆಗೆದು ಇಳಿಯುವ ಕ್ರಮ ಹೇಳಿಕೊಡಲಿಕ್ಕೂ ತಯಾರಿದ್ದೇನೆ. ಹೆಡ್‌ಮಾಸ್ಟ್ರು ದಿನ ತಿಳಿಸಿದರೆ ಸಾಕು.